ಯಾರ ಕಾಲ ಚೆನ್ನಾಗಿತ್ತು?

'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂಬ ಮಾತಿಲ್ಲದ ಭಾಷೆ ಲೋಕದಲ್ಲಿ ಇರಲಾರದು. ಕನ್ನಡದ ಮನೆಗಳಲ್ಲಿ ಇದು ನಿಟ್ಟುಸಿರಿನ ಜತೆ ಬರುತ್ತದೆ. ಉರ್ದು ಆಡುವ ಮನೆಗಳಲ್ಲಿ 'ಹಮಾರೆ ಜಮಾನೆ ಮೇಂ' ಎಂದು ಶುರುವಾದ ಮಾತು ಅತ್ತರಿನಿಂದ ಹಿಡಿದು ಬಿರಿಯಾನಿಯ ಅಕ್ಕಿಯವರೆಗೆ ಹೋಗುತ್ತದೆ. ಹಾಡು, ಸಿನಿಮಾ, ಮೇಷ್ಟ್ರುಗಳು, ಮಾವಿನಹಣ್ಣು ಎಲ್ಲವೂ ಹಿಂದೆ ಚೆನ್ನಾಗಿದ್ದವು. ಆಟಗಳ ವಿಷಯದಲ್ಲಂತೂ ಈ ಮಾತಿಗೆ ಕೊನೆಯೇ ಇಲ್ಲ. ಹರೆಯದಲ್ಲಿ ಕಂಡ ಆಟವನ್ನು ಯಾರೂ ಮರೆಯಲಾರರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳಹಳಿಕೆಯು ತನ್ನನ್ನು ತಾನೇ ಚರಿತ್ರೆ ಎಂದು ಕರೆದುಕೊಳ್ಳಲು ಹೊರಟಾಗ, ಅದನ್ನು ತಡೆದು ಒಂದೆರಡು ಪ್ರಶ್ನೆ ಕೇಳಬೇಕಾಗುತ್ತದೆ.

ಅಂತಹದೊಂದು ಹಳಹಳಿಕೆ ಈಗ ಅಮೆರಿಕದಲ್ಲಿ ಜೋರಾಗಿದೆ. ಅಲ್ಲಿನ ಕಾಲೇಜು ಫುಟ್‌ಬಾಲ್ ಹಿಂದೆ ಚೆನ್ನಾಗಿತ್ತು, ಈಗ ಕೆಟ್ಟುಹೋಯಿತು ಎಂಬುದು ಅದರ ಸಾರ. ಈ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿ ಓಡುವ, ಇಲ್ಲವೇ ಓಡುತ್ತಿರುವ ಸಂಗಾತಿಗೆ ದೂರಕ್ಕೆ ಎಸೆಯುವ ಆಟ. ತಡೆಯುವವರು ಮೈಮೇಲೆ ಬಿದ್ದು ಕೆಡವುತ್ತಾರೆ. ಕಬಡ್ಡಿಯ ಹಿಡಿತವನ್ನೂ ಕುಸ್ತಿಯ ಬಲವನ್ನೂ ಬಲ್ಲ ನಮ್ಮವರಿಗೆ ಇದರ ರುಚಿ ಹತ್ತುವುದು ಕಷ್ಟವಲ್ಲ. ಕರ್ನಾಟಕದಿಂದ ಓದಲು ಹೋದ ಹುಡುಗರು ತಮ್ಮ ವಿಶ್ವವಿದ್ಯಾಲಯದ ಬಣ್ಣದ ಅಂಗಿ ತೊಟ್ಟು ಮನೆಗೆ ಫೋಟೊ ಕಳಿಸುವುದುಂಟು. 1927ರಲ್ಲಿ ತೆರೆದ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಈಗ 1,07,601 ಜನ ಕೂರಬಹುದು. ಓದುವ ಹುಡುಗರ ಆಟ ನೋಡಲು ನಮ್ಮ ಒಂದು ಸಣ್ಣ ಜಿಲ್ಲಾ ಕೇಂದ್ರದ ಅಷ್ಟೂ ಜನ ಒಂದು ಶನಿವಾರ ಒಂದೆಡೆ ಸೇರಿದಂತೆ.

ಹಳೆಯ ಪ್ರೇಕ್ಷಕರ ದೂರುಗಳು ಹೀಗಿವೆ: ಆಟಗಾರರು ಹಣಕ್ಕಾಗಿ ಆಡುತ್ತಿದ್ದಾರೆ, ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ, ಅಕ್ಕಪಕ್ಕದ ಊರುಗಳ ನೂರು ವರ್ಷದ ಹಣಾಹಣಿಗಳು ನಿಂತುಹೋದವು, ಪಂದ್ಯ ಯಾವಾಗ ನಡೆಯಬೇಕೆಂದು ಟಿವಿ ಕಂಪನಿಗಳು ಹೇಳುತ್ತವೆ. ಈ ದೂರುಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಇವುಗಳಿಂದ 'ಹಿಂದೆ ಚೆನ್ನಾಗಿತ್ತು' ಎಂಬ ತೀರ್ಮಾನಕ್ಕೆ ನೆಗೆಯುವ ಮೊದಲು, ಆ ಹಿಂದಿನ ಕಾಲ ಹೇಗಿತ್ತೆಂದು ನೋಡುವುದು ಒಳ್ಳೆಯದು.

ಈ ಆಟದ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ. ರಟ್‌ಗರ್ಸ್ ಕಾಲೇಜು ಪ್ರಿನ್ಸ್‌ಟನ್ ಕಾಲೇಜನ್ನು 6-4ರಲ್ಲಿ ಸೋಲಿಸಿತು. ಒಂದೊಂದು ಕಡೆ 25 ಜನರಿದ್ದರು, ಚೆಂಡನ್ನು ಹಿಡಿದು ಓಡುವಂತಿರಲಿಲ್ಲ. ಮುಂದೆ ರಗ್ಬಿಯ ನಿಯಮಗಳು ಸೇರಿಕೊಂಡವು. 1880ರ ದಶಕದಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ತಂಡಕ್ಕೆ 11 ಜನರೆಂದು ಗೊತ್ತುಮಾಡಿ ಆಟಕ್ಕೆ ಈಗಿನ ಅಸ್ಥಿಪಂಜರವನ್ನು ಕೊಟ್ಟ. ಆಡಿದವರೆಲ್ಲ ಸಿರಿವಂತರ ಮಕ್ಕಳು. ಯುದ್ಧವಿಲ್ಲದ ಕಾಲದಲ್ಲಿ ಗಂಡಸುತನವನ್ನು ಉಳಿಸುವ ಸಾಧನ ಎಂದು ಅವರ ಹಿರಿಯರು ಇದನ್ನು ಕೊಂಡಾಡಿದರು. ಆಟವೂ ಯುದ್ಧದಂತೆಯೇ ಇತ್ತು. ತಲೆಗೆ ಸರಿಯಾದ ರಕ್ಷಣೆ ಇಲ್ಲದೆ, ಇಡೀ ಗುಂಪು ಒಬ್ಬನ ಮೇಲೆ ನುಗ್ಗುವ ತಂತ್ರಗಳೇ ಚಾಲ್ತಿಯಲ್ಲಿದ್ದವು. 1905ರ ಒಂದೇ ಹಂಗಾಮಿನಲ್ಲಿ ದೇಶದಾದ್ಯಂತ ಸುಮಾರು 18 ಹುಡುಗರು ಸತ್ತರೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಅವರಲ್ಲಿ ಹೆಚ್ಚಿನವರು ಹೈಸ್ಕೂಲು ಮಕ್ಕಳು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆದು ಆಟವನ್ನು ಸುಧಾರಿಸಿ ಎಂದ. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಇಂದು ಈ ಆಟದ ಸೊಗಸು ಎಂದು ಯಾವುದನ್ನು ಕರೆಯುತ್ತಾರೋ ಆ ಉದ್ದನೆಯ ಪಾಸು, ಸಾವುಗಳನ್ನು ತಡೆಯಲು ಮಾಡಿದ ಒಂದು ರಾಜಿಯಿಂದ ಬಂದದ್ದು.

ಆ ಹೊಸ ಆಟವನ್ನು ಮೊದಲು ಚೆನ್ನಾಗಿ ಕಲಿತವರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯ ಆದಿವಾಸಿ ಹುಡುಗರಿದ್ದರು. ಈ ಶಾಲೆಯನ್ನು 1879ರಲ್ಲಿ ರಿಚರ್ಡ್ ಪ್ರ್ಯಾಟ್ ಎಂಬ ಸೇನಾಧಿಕಾರಿ ತೆರೆದ. ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ದೂರ ಮಾಡಿ, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿಮಾತು ಆಡಿದರೆ ಶಿಕ್ಷಿಸಿ ಅವರನ್ನು 'ನಾಗರಿಕ'ರನ್ನಾಗಿ ಮಾಡುವುದು ಅದರ ಗುರಿ. ಮನೆಯ ಭಾಷೆಯೊಂದು, ಶಾಲೆಯ ಭಾಷೆ ಇನ್ನೊಂದು ಆಗಿ ಬೆಳೆದವರಿಗೆ ಇದರ ನೋವು ಸ್ವಲ್ಪವಾದರೂ ತಿಳಿದೀತು. ನಮ್ಮಲ್ಲಿ ಎರಡು ಭಾಷೆಗಳು ಕೂಡಿ ಬಾಳಿದವು. ಅಲ್ಲಿ ಒಂದು ಇನ್ನೊಂದನ್ನು ಕೊಲ್ಲಲು ನಿಂತಿತ್ತು. ಈ ಶಾಲೆಯ ತಂಡ 1911ರಲ್ಲಿ ಹಾರ್ವರ್ಡನ್ನು 18-15ರಲ್ಲಿ ಸೋಲಿಸಿತು. 1912ರಲ್ಲಿ ಸೈನ್ಯದ ಕಾಲೇಜಾದ ವೆಸ್ಟ್ ಪಾಯಿಂಟ್‌ಗೆ ಹೋಗಿ 27-6ರಲ್ಲಿ ಗೆದ್ದುಬಂದಿತು. ಸೈನ್ಯವು ವುಂಡೆಡ್ ನೀಯಲ್ಲಿ ಆದಿವಾಸಿಗಳ ಕಗ್ಗೊಲೆ ನಡೆಸಿ ಆಗ 22 ವರ್ಷವಷ್ಟೇ ಆಗಿತ್ತು. ಸೋತ ತಂಡದಲ್ಲಿ ಮುಂದೆ ದೇಶದ ಅಧ್ಯಕ್ಷನಾದ ಐಸೆನ್‌ಹೋವರ್ ಇದ್ದ.

ಕಾರ್ಲೈಲ್‌ನ ನಾಯಕಮಣಿ ಜಿಮ್ ಥೋರ್ಪ್. ಅದೇ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವನು. ಮರುವರ್ಷವೇ ಅವನ್ನು ಕಿತ್ತುಕೊಂಡರು. ಅವನ ಅಪರಾಧ, ಹಿಂದಿನ ಬೇಸಿಗೆಗಳಲ್ಲಿ ಚಿಲ್ಲರೆ ಕಾಸಿಗೆ ಬೇಸ್‌ಬಾಲ್ ಆಡಿದ್ದು. ಹಣ ಮುಟ್ಟಿದವನು ಹವ್ಯಾಸಿಯಲ್ಲ ಎಂಬುದು ನಿಯಮ. ಊಟಕ್ಕೆ ದುಡಿಯಬೇಕಿಲ್ಲದವರು ಮಾಡಿದ ನಿಯಮವದು. 1982ರಲ್ಲಿ ಅವನನ್ನು ಜಂಟಿ ವಿಜೇತನೆಂದು ಒಪ್ಪಿದರು. ಏಕೈಕ ವಿಜೇತನೆಂದು ಒಪ್ಪಲು 2022 ಬರಬೇಕಾಯಿತು. ಥೋರ್ಪ್ 1953ರಲ್ಲೇ ತೀರಿಹೋಗಿದ್ದ. ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು. ಅಲ್ಲಿ ಓದಲು ಬಂದು ಮನೆಗೆ ಮರಳದ 180ಕ್ಕೂ ಹೆಚ್ಚು ಮಕ್ಕಳನ್ನು ಆ ಆವರಣದಲ್ಲೇ ಹೂಳಲಾಗಿತ್ತು. ಈಚಿನ ವರ್ಷಗಳಲ್ಲಿ ಕೆಲವು ಬುಡಕಟ್ಟುಗಳು ಬಂದು ತಮ್ಮ ಮಕ್ಕಳ ಅಸ್ಥಿಗಳನ್ನು ಊರಿಗೆ ಒಯ್ದಿವೆ. ಹಳೆಯ ಫುಟ್‌ಬಾಲಿನ ಸೊಬಗಿನ ಕಥೆಗಳಲ್ಲಿ ಕಾರ್ಲೈಲ್ ತಂಡದ ಗೆಲುವುಗಳು ಬರುತ್ತವೆ, ಈ ಗೋರಿಗಳು ಬರುವುದು ಕಡಿಮೆ.

ಇನ್ನು ಕಪ್ಪುಜನರ ಮಾತು. ದಕ್ಷಿಣದ ರಾಜ್ಯಗಳ ಬಿಳಿಯ ಕಾಲೇಜುಗಳಲ್ಲಿ ಅವರಿಗೆ ಪ್ರವೇಶವೇ ಇರಲಿಲ್ಲ. ಉತ್ತರದ ಕಾಲೇಜುಗಳಲ್ಲಿ ಬೆರಳೆಣಿಕೆಯ ಆಟಗಾರರಿದ್ದರು. ಅಯೊವಾ ಸ್ಟೇಟ್ ಕಾಲೇಜಿನ ಮೊದಲ ಕಪ್ಪು ಆಟಗಾರ ಜಾಕ್ ಟ್ರೈಸ್ 1923ರ ಅಕ್ಟೋಬರ್ 6ರಂದು ಮಿನೆಸೊಟದ ವಿರುದ್ಧ ಆಡಿದ. ಆರಂಭದಲ್ಲೇ ಕೊರಳೆಲುಬು ಮುರಿಯಿತು. ಆದರೂ ಆಡಿದ. ಮುಂದೆ ನೆಲಕ್ಕೆ ಬಿದ್ದಾಗ ಎದುರಾಳಿಗಳ ಕಾಲ್ತುಳಿತಕ್ಕೆ ಸಿಕ್ಕ. ಎರಡು ದಿನಕ್ಕೆ ತೀರಿಕೊಂಡ. ಆಗ ಅವನಿಗೆ 21 ವರ್ಷ. ತುಳಿದದ್ದು ಬೇಕೆಂದೋ ಅಲ್ಲವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಪಂದ್ಯದ ಹಿಂದಿನ ರಾತ್ರಿ ಅವನು ಬರೆದಿಟ್ಟಿದ್ದ ಕಾಗದವೊಂದು ಅವನ ಕೋಟಿನಲ್ಲಿ ಸಿಕ್ಕಿತು. ತನ್ನ ಜನಾಂಗದ, ಮನೆಯವರ, ತನ್ನ ಮಾನ ಪಣಕ್ಕಿದೆ ಎಂದು ಅದರಲ್ಲಿ ಅವನು ತನಗೆ ತಾನೇ ಹೇಳಿಕೊಂಡಿದ್ದ. ಬಿಳಿಯ ಹುಡುಗ ಆಡುವಾಗ ಅವನೊಬ್ಬನೇ ಆಡುತ್ತಾನೆ. ಟ್ರೈಸ್ ಆಡುವಾಗ ಅವನ ಬೆನ್ನ ಮೇಲೆ ಇಡೀ ಸಮುದಾಯ ಕೂತಿತ್ತು. ಅಲ್ಪಸಂಖ್ಯಾತನೊಬ್ಬ ಸಾರ್ವಜನಿಕವಾಗಿ ಏನು ಮಾಡಹೊರಟರೂ ಈ ಭಾರ ತಪ್ಪುವುದಿಲ್ಲ.

ಇದಲ್ಲದೆ 'ಸಜ್ಜನರ ಒಪ್ಪಂದ' ಎಂಬುದೊಂದಿತ್ತು. ದಕ್ಷಿಣದ ತಂಡ ಆಡಲು ಬಂದರೆ ಉತ್ತರದ ಕಾಲೇಜು ತನ್ನ ಕಪ್ಪು ಆಟಗಾರನನ್ನು ಹೊರಗೆ ಕೂರಿಸಬೇಕು. 1934ರಲ್ಲಿ ಜಾರ್ಜಿಯಾ ಟೆಕ್ ತಂಡಕ್ಕಾಗಿ ಮಿಶಿಗನ್ ವಿಶ್ವವಿದ್ಯಾಲಯ ತನ್ನದೇ ನೆಲದಲ್ಲಿ ವಿಲಿಸ್ ವಾರ್ಡ್‌ನನ್ನು ಕೂರಿಸಿತು. ಅವನ ಗೆಳೆಯನಾಗಿದ್ದ ಜೆರಾಲ್ಡ್ ಫೋರ್ಡ್, ಮುಂದೆ ದೇಶದ ಅಧ್ಯಕ್ಷನಾದವನು, ಆಡುವುದಿಲ್ಲವೆಂದ. ಕೊನೆಗೆ ವಾರ್ಡನೇ ಆಡೆಂದು ಹೇಳಿ ಕಳಿಸಿದ. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತ್ತು. ಇಬ್ಬರು ಕಪ್ಪು ಗೆಳೆಯರಾದ ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್‌ರನ್ನು ಬಿಟ್ಟು ಬಂದರೆ ದಕ್ಷಿಣದ ದೊಡ್ಡ ಪಂದ್ಯಕ್ಕೆ ಕರೆ ಬರಬಹುದೆಂದು ತಿಳಿದಾಗ, ಇಡೀ ತಂಡ ಬೇಡವೆಂದಿತು. ಖರ್ಚು ತಾಳಲಾಗದೆ ಕಾಲೇಜು ಆ ವರ್ಷವೇ ಫುಟ್‌ಬಾಲ್ ನಿಲ್ಲಿಸಿತು. ಹಳೆಯ ಕಾಲದಲ್ಲಿ ದೊಡ್ಡತನವೂ ಇತ್ತು ಎನ್ನುವುದಕ್ಕೆ ಇದು ಸಾಕ್ಷಿ. ಆ ದೊಡ್ಡತನಕ್ಕೆ ತೆತ್ತ ಬೆಲೆಯನ್ನೂ ಇದೇ ಹೇಳುತ್ತದೆ.

ಅದೇ 1951ರ ಅಕ್ಟೋಬರ್ 20ರಂದು ಓಕ್ಲಹೋಮಾದ ಸ್ಟಿಲ್‌ವಾಟರ್ ಊರಿನಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಆಡುತ್ತಿದ್ದ. ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬ, ಕಪ್ಪು ಹುಡುಗ. ಚೆಂಡು ಅವನ ಕೈಯಲ್ಲಿ ಇಲ್ಲದಾಗ ಎದುರು ತಂಡದ ಆಟಗಾರನೊಬ್ಬ ಮುಖಕ್ಕೆ ಗುದ್ದಿ ದವಡೆ ಮುರಿದ. ಶಿಕ್ಷೆಯ ಸೀಟಿ ಊದಲಿಲ್ಲ. ಪತ್ರಿಕೆಯೊಂದರ ಇಬ್ಬರು ಫೋಟೊಗ್ರಾಫರುಗಳು ತೆಗೆದ ಸರಣಿ ಚಿತ್ರಗಳು ನಡೆದದ್ದನ್ನೆಲ್ಲ ತೋರಿಸಿದವು. ಅವಕ್ಕೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಗುದ್ದಿದವನಿಗೆ ಶಿಕ್ಷೆಯಾಗಲಿಲ್ಲ. ಬ್ರೈಟ್ ಕೆನಡಾಕ್ಕೆ ಹೋಗಿ ಆಡಿದ, ಶಾಲೆಯ ಹೆಡ್‌ಮಾಸ್ತರನಾದ, 1983ರಲ್ಲಿ ತೀರಿಕೊಂಡ. ಆತಿಥೇಯ ಕಾಲೇಜು ವಿಷಾದದ ಪತ್ರ ಬರೆದದ್ದು 2005ರಲ್ಲಿ.

ಹಳೆಯ ಆಟದ ಅಭಿಮಾನಿಗಳು ನೆನೆಯುವ ಪಂದ್ಯಗಳಲ್ಲಿ 1966ರ ನಾಟರ್‌ಡೇಮ್ ಮತ್ತು ಮಿಶಿಗನ್ ಸ್ಟೇಟ್ ಪಂದ್ಯ ದೊಡ್ಡದು. 10-10ರಲ್ಲಿ ಸಮವಾಯಿತು. ಅದನ್ನು ಶತಮಾನದ ಪಂದ್ಯವೆಂದು ಕರೆದವರುಂಟು. ಮಿಶಿಗನ್ ಸ್ಟೇಟ್ ತಂಡದ ಬಲ ಎಲ್ಲಿಂದ ಬಂದಿತ್ತು? ದೈತ್ಯದೇಹಿ ಬಬ್ಬಾ ಸ್ಮಿತ್ ಟೆಕ್ಸಾಸ್‌ನವನು, ಜಿಮ್ಮಿ ರೇ ಉತ್ತರ ಕ್ಯಾರೊಲಿನಾದವನು. ಇಬ್ಬರೂ ಕಪ್ಪುವರ್ಣೀಯರು. ತಮ್ಮ ರಾಜ್ಯದ ದೊಡ್ಡ ಕಾಲೇಜುಗಳ ಬಾಗಿಲು ಮುಚ್ಚಿದ್ದರಿಂದ ಬಹುದೂರದ ಚಳಿಗೆ ಬಂದವರು. ಆ ಕಾಲದ ಮೇರು ಪಂದ್ಯ ಅಷ್ಟು ಚೆನ್ನಾಗಿರಲು ಆ ಕಾಲದ ಅನ್ಯಾಯವೂ ಒಂದು ಕಾರಣವಾಗಿತ್ತು.

ಬಾಗಿಲು ತೆರೆದದ್ದು ಹೇಗೆ ಎಂಬುದಕ್ಕೆ ಒಂದು ಜನಪ್ರಿಯ ಕಥೆಯಿದೆ. 1970ರ ಸೆಪ್ಟೆಂಬರ್ 12ರಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು ಬಿಳಿಯರೇ ಇದ್ದ ಅಲಬಾಮಾ ತಂಡವನ್ನು 42-21ರಲ್ಲಿ ಮಣಿಸಿತು. ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ಬಿಳಿಯರ ಸಾಲನ್ನು ಸೀಳಿ ಓಡಿದ್ದನ್ನು ನೋಡಿ ಅಲಬಾಮಾ ಜನರ ಮನಸ್ಸು ಒಂದೇ ಸಂಜೆಗೆ ಬದಲಾಯಿತಂತೆ. ಕಥೆ ಬರೆಯುವವರಿಗೆ ಇಂತಹ ಕಥೆ ಕಂಡರೆ ಅನುಮಾನ ಬರಬೇಕು. ಅದು ತೀರಾ ಚೆನ್ನಾಗಿದೆ. ಅಲಬಾಮಾ ಕಾಲೇಜಿಗೆ ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಆಟಗಾರ ಆಗಲೇ ಸೇರಿಯಾಗಿತ್ತು. ಮೊದಲ ವರ್ಷದವರು ಆಡುವಂತಿರಲಿಲ್ಲವಾದ್ದರಿಂದ ಅವನು ಅಂದು ಕಣದಲ್ಲಿರಲಿಲ್ಲ. ಅದಕ್ಕೂ ಮೊದಲು, 1969ರಲ್ಲೇ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಸಂಘ ಕೋರ್ಟಿಗೆ ಹೋಗಿತ್ತು. ಬಾಗಿಲು ತೆರೆಸಿದ್ದು ವರ್ಷಗಳ ಚಳವಳಿ, ಕಾನೂನು, ಜೈಲು ಕಂಡವರ ಹಟ. ಆದರೆ ಗೆದ್ದ ಸಮಾಜಕ್ಕೆ ತಾನೇ ಒಳ್ಳೆಯವನಾದೆ ಎಂಬ ಕಥೆ ಬೇಕಿರುತ್ತದೆ.

ಈ ತೆರೆಯುವಿಕೆಯಲ್ಲಿ ಒಂದು ನಷ್ಟವೂ ಆಯಿತು. ಮುಚ್ಚಿದ ಬಾಗಿಲುಗಳ ಹೊರಗೆ ಕಪ್ಪುಜನರು ತಮ್ಮದೇ ಕಾಲೇಜುಗಳಲ್ಲಿ ತಮ್ಮದೇ ಫುಟ್‌ಬಾಲನ್ನು ಕಟ್ಟಿಕೊಂಡಿದ್ದರು. 1892ರಲ್ಲೇ ಉತ್ತರ ಕ್ಯಾರೊಲಿನಾದಲ್ಲಿ ಅಂತಹ ಎರಡು ಕಾಲೇಜುಗಳ ನಡುವೆ ಪಂದ್ಯ ನಡೆದಿತ್ತು. ಲೂಸಿಯಾನಾದ ಗ್ರ್ಯಾಂಬ್ಲಿಂಗ್‌ನಲ್ಲಿ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ ಕೋಚ್ ಆಗಿದ್ದು 408 ಪಂದ್ಯ ಗೆದ್ದ. ವಾದ್ಯಗೋಷ್ಠಿ, ಮೆರವಣಿಗೆ, ಊರಹಬ್ಬದ ಗದ್ದಲಗಳೊಂದಿಗೆ ಆ ಪಂದ್ಯಗಳು ಒಂದು ಸಮುದಾಯದ ಜಾತ್ರೆಯಾಗಿದ್ದವು. ಸಿರಿವಂತ ಕಾಲೇಜುಗಳು ಕಪ್ಪು ಆಟಗಾರರನ್ನು ಕರೆಯತೊಡಗಿದ ಮೇಲೆ ಒಳ್ಳೊಳ್ಳೆಯ ಹುಡುಗರು ಅತ್ತ ಹೋದರು. ಆಟಗಾರರಿಗೆ ಬಾಗಿಲು ತೆರೆಯಿತು. ಕಪ್ಪು ಕೋಚುಗಳಿಗೆ ಅದು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಆ ಕಾಲೇಜುಗಳ ಮುದುಕರು 'ಹಿಂದೆ ಚೆನ್ನಾಗಿತ್ತು' ಎಂದರೆ ಅದನ್ನು ಬೇರೆ ಕಿವಿಯಿಂದಲೇ ಕೇಳಬೇಕು.

ಈಗ ಹಣದ ವಿಷಯಕ್ಕೆ ಬರೋಣ. ಹಣ ಬಂದು ಆಟ ಕೆಟ್ಟಿತು ಎನ್ನುವವರು 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಹೊರತಂದ ವರದಿಯನ್ನು ನೋಡಬೇಕು. ನೂರಕ್ಕೂ ಹೆಚ್ಚು ಕಾಲೇಜುಗಳನ್ನು ತಡಕಿದ ಆ ವರದಿಗೆ ಅವುಗಳಲ್ಲಿ ಬಹುಪಾಲು ಆಟಗಾರರಿಗೆ ಗುಟ್ಟಾಗಿ ಹಣ, ನೌಕರಿ, ಸವಲತ್ತು ಕೊಡುತ್ತಿದ್ದುದು ಕಂಡಿತ್ತು. ಹಣ ಮೊದಲಿನಿಂದಲೂ ಇತ್ತು. ಅದು ಯಾರ ಕೈಗೆ ಹೋಗಬೇಕು ಎಂಬುದೇ ಜಗಳ. 1955ರಲ್ಲಿ ಕೊಲರಾಡೊದ ರೇ ಡೆನಿಸನ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ಸತ್ತ. ದುಡಿಮೆಯಲ್ಲಿ ಸತ್ತವರಿಗೆ ಸಿಗುವ ಪರಿಹಾರ ತನಗೂ ಸಿಗಬೇಕೆಂದು ಅವನ ಹೆಂಡತಿ ಕೇಳಿದಳು. 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುತ್ತಿಲ್ಲ ಎಂಬುದು ಒಂದು ಕಾರಣ. ಆ ದಿನಗಳಲ್ಲೇ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದವನ್ನು ಚಾಲ್ತಿಗೆ ತಂದಿತು. ಆಟಗಾರರನ್ನು ನೌಕರರೆಂದು ಯಾರೂ ಕರೆಯಬಾರದೆಂಬುದೇ ಅದರ ಉದ್ದೇಶ ಎಂದು ಸಂಘದ ಮುಖ್ಯಸ್ಥನಾಗಿದ್ದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ ಬರೆದ. ಒಂದು ಪದ ಎಷ್ಟು ಕೆಲಸ ಮಾಡಬಲ್ಲದು ನೋಡಿ.

1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟಿವಿ ಪ್ರಸಾರದ ಮೇಲೆ ಆ ಸಂಘಕ್ಕಿದ್ದ ಹಿಡಿತವನ್ನು ಕಿತ್ತಿತು. ಅಲ್ಲಿಂದ ಹಣದ ಹೊಳೆ ಹರಿಯಿತು. ಕೆಲವು ಕೋಚುಗಳ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿತು. ಆಡುವ ಹುಡುಗರಿಗೆ ಮಾತ್ರ ಶುಲ್ಕ, ವಸತಿ, ಊಟ. 2021ರಲ್ಲಿ ಸುಪ್ರೀಂ ಕೋರ್ಟು ಒಂಬತ್ತೂ ನ್ಯಾಯಾಧೀಶರ ಒಮ್ಮತದಿಂದ ಸಂಘದ ವಿರುದ್ಧ ತೀರ್ಪಿತ್ತಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಕೊಟ್ಟು ಗಳಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ಕಾಲೇಜುಗಳು ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ಕಾಲೇಜಿಗೆ ಸುಮಾರು ಎರಡು ಕೋಟಿ ಡಾಲರ್. 'ಹುಡುಗರು ಹಣಕ್ಕೆ ಬಿದ್ದರು' ಎಂಬ ಕೂಗು ಜೋರಾದದ್ದು ಆಗ. ಕೋಚುಗಳು ಹಣಕ್ಕಾಗಿ ಕಾಲೇಜು ಬದಲಿಸುವಾಗ ಅದನ್ನು ಪ್ರಗತಿ ಎನ್ನುತ್ತಿದ್ದರು.

ಹಾಗೆಂದು ಇಂದಿನ ಕಾಲ ನಿರ್ಮಲವೆಂದು ಹೇಳಹೊರಟಿಲ್ಲ. ಟಿವಿ ಹಣಕ್ಕಾಗಿ ಕಾಲೇಜುಗಳು ಮಾಡಿದ ಕೆಲಸ ನಗೆ ತರುವಂತಿದೆ. ಪೆಸಿಫಿಕ್ ಕರಾವಳಿಯಲ್ಲಿ 1915ರಲ್ಲಿ ಹುಟ್ಟಿದ ಲೀಗು 2023ರಲ್ಲಿ ಒಡೆಯಿತು. 2024ರಲ್ಲಿ ಅದರಲ್ಲಿ ಎರಡೇ ತಂಡಗಳು ಉಳಿದವು. ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಹೋಗಿ ಅಟ್ಲಾಂಟಿಕ್ ಕರಾವಳಿಯ ಲೀಗಿಗೆ ಸೇರಿದವು. ಮಂಗಳೂರಿನ ತಂಡ ಬಂಗಾಳಕೊಲ್ಲಿಯ ಲೀಗಿಗೆ ಸೇರಿದಂತೆ. ನೆರೆಯ ಊರಿನವರನ್ನು ವರ್ಷಕ್ಕೊಮ್ಮೆ ಸೋಲಿಸುವ ಸುಖವನ್ನು ನಂಬಿದ್ದವರಿಗೆ ಇದು ನಿಜವಾದ ನಷ್ಟ. ಊರು, ಬಣ್ಣ, ಹಾಡು, ಅಪ್ಪನ ಕೈಹಿಡಿದು ಹೋದ ದಾರಿ ಇವೆಲ್ಲ ಮಾರಾಟದ ಸರಕುಗಳಲ್ಲ. ಆದರೆ ಇವನ್ನು ಮಾರಿದವರು ಯಾರು? ಈಚೆಗೆ ನಾಲ್ಕು ಕಾಸು ಕಂಡ ಹುಡುಗರಲ್ಲ. ಹಿಂದೆ ಆ ಹುಡುಗರಿಗೆ ಕಾಸು ಕೊಡಲಾಗದು ಎಂದಿದ್ದ ಅದೇ ಆಡಳಿತಗಳು.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಷಿಕಾಗೊ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಈ ಆಟದ ದೊಡ್ಡ ಹೆಸರು. ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ 1935ರಲ್ಲಿ ಮೊದಲು ಸಿಕ್ಕಿದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. ನಾಲ್ಕೇ ವರ್ಷದಲ್ಲಿ, 1939ರಲ್ಲಿ, ಓದಿಗೂ ಈ ವ್ಯಾಪಾರಕ್ಕೂ ಹೊಂದಿಕೆಯಾಗದೆಂದು ಅದು ಫುಟ್‌ಬಾಲನ್ನು ನಿಲ್ಲಿಸಿತು. ಖಾಲಿಯಾದ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಲೋಕದ ಮೊದಲ ನಿಯಂತ್ರಿತ ಅಣು ಸರಣಿಕ್ರಿಯೆ ನಡೆಯಿತು. ಮುಂದೆ ಅದೇ ಜಾಗದಲ್ಲಿ ದೊಡ್ಡ ಗ್ರಂಥಾಲಯ ಎದ್ದಿತು. ಕನ್ನಡದ ಎ.ಕೆ. ರಾಮಾನುಜನ್ ಪಾಠ ಹೇಳಿದ್ದು ಈ ವಿಶ್ವವಿದ್ಯಾಲಯದಲ್ಲಿಯೇ. 1969ರಲ್ಲಿ ಫುಟ್‌ಬಾಲ್ ಅಲ್ಲಿಗೆ ಮರಳಿತು. ಸಣ್ಣದಾಗಿ, ಓದಿನ ಪಕ್ಕದ ಆಟವಾಗಿ.

ಕೊನೆಯದಾಗಿ, ಎರಡೂ ಕಾಲಕ್ಕೆ ಸೇರಿದ ಒಂದು ಸಂಗತಿ. ಮೇಲೆ ಹೇಳಿದ ಬಬ್ಬಾ ಸ್ಮಿತ್ 2011ರಲ್ಲಿ ತೀರಿಕೊಂಡ. ತಲೆಗೆ ಬಿದ್ದ ಸಾವಿರಾರು ಪೆಟ್ಟುಗಳಿಂದ ಬರುವ ಕಾಯಿಲೆ ಅವನ ಮೆದುಳಿನಲ್ಲಿ ಇತ್ತೆಂದು ಪರೀಕ್ಷೆಯಿಂದ ಗೊತ್ತಾಯಿತು. 2017ರಲ್ಲಿ ಬಾಸ್ಟನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿ ಸತ್ತ 53 ಜನರಲ್ಲಿ 48 ಜನರಿಗೆ ಈ ಕಾಯಿಲೆಯಿತ್ತು. ಅನುಮಾನವಿದ್ದ ಮನೆಯವರೇ ಹೆಚ್ಚಾಗಿ ಮೆದುಳನ್ನು ದಾನ ಕೊಟ್ಟಿದ್ದರಿಂದ ಎಲ್ಲ ಆಟಗಾರರ ಪ್ರಮಾಣ ಇದೇ ಎನ್ನುವಂತಿಲ್ಲ. ಆದರೂ ಈ ಲೆಕ್ಕ ನಿದ್ದೆಗೆಡಿಸುತ್ತದೆ. ಹಿಂದಿನವರಿಗೆ ಇದು ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಗೊತ್ತಿದ್ದೂ ನೋಡುತ್ತೇವೆ. ಇಂದಿನ ಕಾಲವನ್ನು ಬೈಯುವುದಾದರೆ ಬೈಯಬೇಕಾದ್ದು ಈ ಕಾರಣಕ್ಕೆ.

ಆಟದ ಚುರುಕು, ತಂತ್ರ, ಆಟಗಾರರ ಆಯ್ಕೆಯ ಹರಹು ಇವನ್ನು ಅಳೆದರೆ ಇಂದಿನದೇ ಮೇಲು. ಒಂದು ಊರಿಗೆ, ಒಂದು ತಂಡಕ್ಕೆ ಸೇರಿದ ಭಾವವನ್ನು ಅಳೆದರೆ ಏನೋ ಕಳೆದುಹೋಗಿರುವುದು ದಿಟ. ಆದರೆ ಆ ಭಾವ ಎಲ್ಲರಿಗೂ ಸೇರಿತ್ತೇ? ಓಕ್ಲಹೋಮಾದ ಎರಡು ದೊಡ್ಡ ವಿಶ್ವವಿದ್ಯಾಲಯಗಳ ನೂರಕ್ಕೂ ಹೆಚ್ಚು ವರ್ಷಗಳ ವಾರ್ಷಿಕ ಹಣಾಹಣಿ 2023ರ ನಂತರ ನಿಂತಿತು. ಜನ ಅತ್ತರು. ಅವುಗಳಲ್ಲಿ ಒಂದು ಸ್ಟಿಲ್‌ವಾಟರ್‌ನ ಅದೇ ಕಾಲೇಜು. ಜಾನಿ ಬ್ರೈಟ್‌ನ ದವಡೆ ಮುರಿದ ನೆಲ. ಒಂದೇ ಹುಲ್ಲಿನ ಮೇಲೆ ಒಬ್ಬರ ಬಾಲ್ಯದ ಸವಿನೆನಪಿದೆ, ಇನ್ನೊಬ್ಬರ ರಕ್ತವಿದೆ. ಚರಿತ್ರೆ ಬರೆಯುವವರು ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು. ಅಯೊವಾ ಸ್ಟೇಟ್ ಆ ಕೆಲಸವನ್ನು ತಡವಾಗಿಯಾದರೂ ಮಾಡಿತು. ವಿದ್ಯಾರ್ಥಿಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1997ರಲ್ಲಿ ಅದರ ಕ್ರೀಡಾಂಗಣಕ್ಕೆ ಜಾಕ್ ಟ್ರೈಸ್‌ನ ಹೆಸರಿಟ್ಟಿತು. ಈಗ ಅಲ್ಲಿಗೆ ಆಟ ನೋಡಲು ಹೋಗುವ ಮಕ್ಕಳು, ಯಾರು ಈ ಟ್ರೈಸ್ ಎಂದು ಅಪ್ಪಂದಿರನ್ನು ಕೇಳುತ್ತಾರೆ. ಅಪ್ಪಂದಿರು ಹೇಳಲೇಬೇಕಾಗುತ್ತದೆ.